ಇಬ್ಬರಿಗೆ ಎಷ್ಟು ಒಂಟೆ? (ವೆಟರ್ನರಿ ಬ್ಯಾಚ್ ಗ್ರೂಪ್)

ರಮೇಶ: [ಫಾರ್ವರ್ಡ್] 1986-87ರಲ್ಲಿ ಮೈಕೆಲ್ ಆಶರ್, ಮರಿಯಾಂತೋನಿಯೆಟ್ಟಾ ಪೆರು ದಂಪತಿ ಮಾರಿಟೇನಿಯಾದಿಂದ ನೈಲ್ ನದಿವರೆಗೆ ಒಂಟೆಗಳ ಜೊತೆ ಸಹಾರಾ ದಾಟಿದರು. ಸುಮಾರು 7,200 ಕಿ.ಮೀ., ಒಂಬತ್ತು ತಿಂಗಳು. ಡುಬ್ಬದಲ್ಲೇ ನೀರಿರುವುದರಿಂದ ಇಂಥ ಪಯಣಕ್ಕೆ ಎರಡು ಒಂಟೆ ಸಾಕು!

ಸುಧಾ: ಮೊದಲರ್ಧ ಸರಿ, ಕೊನೇ ಸಾಲು ಬುರುಡೆ. ಡುಬ್ಬದಲ್ಲಿರೋದು ಕೊಬ್ಬು ಕಣೋ. ಚಳಿಗಾಲದಲ್ಲಿ ಹಸಿ ಮೇವು ಸಿಕ್ಕರೆ ವಾರಗಟ್ಟಲೆ ನೀರು ಬೇಡ. ಬಿಸಿಲಲ್ಲಿ ಒಣಮೇವು ತಿಂದು ಹೊರೆ ಹೊರುವಾಗ ಆ ಲೆಕ್ಕ ನಡೆಯಲ್ಲ.

ಮಂಜು: ತೂಕ ಹಾಕಿ ನೋಡು. ಬಾವಿಯಿಂದ ಬಾವಿಗೆ ಹತ್ತು ದಿನ ಅಂದ್ಕೋ. ದಿನಕ್ಕೆ ತಲಾ 5 ಲೀಟರ್‌ನಂತೆ ಇಬ್ಬರಿಗೆ 100, ಸೋರಿಕೆಗೆ 20. ನೀರೇ 120 ಕೆಜಿ. ದೂರದ ಪಯಣಕ್ಕೆ ಒಂದು ಒಂಟೆಗೆ 150 ಕೆಜಿ ಮೇಲೆ ಹೇರಬಾರದು. ಊಟ, ಧಾನ್ಯ, ಹಾಸಿಗೆ, ಸವಾರರು? ಐದು ಬೇಕು.

ಸುಧಾ: ಐದಕ್ಕೆ ನೀರು ಸೇದೋರು ಯಾರಪ್ಪಾ? ಬಾಯಾರಿದ ಒಂಟೆ ಒಂದೇ ಸಲಕ್ಕೆ 100 ಲೀಟರ್ ಕುಡಿಯುತ್ತೆ. ಐದಕ್ಕೆ 500 ಲೀಟರ್, 10 ಲೀಟರಿನ ಬಕೆಟ್ಟಲ್ಲಿ 50 ಸಲ, ಅದೂ ಆಳದ ಬಾವಿಯಿಂದ. ಬೆಳಗಿನ ಕೆಲಸ ಬೇರೆ. ರಾತ್ರಿ ಮುಂಗಾಲು ಗಿಡ್ಡ ಹಗ್ಗದಲ್ಲಿ ಕಟ್ಟಿ ಮೇಯಲು ಬಿಟ್ಟರೂ ದೂರ ಹೋಗಿಬಿಡುತ್ತವೆ. ಒಬ್ಬರು ಹುಡುಕಬೇಕು, ಒಬ್ಬರು ಸಾಮಾನು ಕಾಯಬೇಕು. ನಾಲ್ಕರ ಮೇಲೆ ಇಬ್ಬರ ಕೈಲಾಗಲ್ಲ. ಸವಾರರು ಅರ್ಧ ದಾರಿ ನಡೆಯಲಿ ಬಿಡು.

ರಮೇಶ: ಒಂಟೆ ದಿನಕ್ಕೆ 50 ಕಿ.ಮೀ. ಹೋಗುತ್ತಲ್ವಾ? ಬೇಗ ಮುಗಿಸಿದರೆ ನೀರೂ ಕಡಿಮೆ ಸಾಕು.

ಮಂಜು: ನಿನ್ನ ಫಾರ್ವರ್ಡನ್ನೇ ಭಾಗಿಸು. 7,200 ಭಾಗಿಸು 270 ದಿನ: ವಿಶ್ರಾಂತಿ ದಿನವೂ ಸೇರಿ ದಿನಕ್ಕೆ 27 ಕಿ.ಮೀ.ಗಿಂತ ಕಡಿಮೆ. ಮೇಯಲು ಗಂಟೆಗಟ್ಟಲೆ ಬಿಡದೆ ಓಡಿಸಿದರೆ ಡುಬ್ಬ ಕರಗುತ್ತೆ, ತಡಿ (ಜೀನು) ಸಡಿಲವಾಗಿ ಬೆನ್ನು ಉಜ್ಜುತ್ತೆ, ಹುಣ್ಣಾಗುತ್ತೆ. ಆ ಒಂಟೆಯ ಹೊರೆ ಉಳಿದವುಗಳ ಮೇಲೆ. ಅದಕ್ಕೇ ಐದು ಅಂದಿದ್ದು.

ಸುಧಾ: ಹುಣ್ಣಿಗೆ ಮದ್ದು ಇನ್ನೊಂದು ಒಂಟೆಯಲ್ಲ, ಸರಿಯಾದ ಹೇರಿಕೆ. ಎರಡೂ ಪಕ್ಕ ಸಮತೂಕ ಇರಲಿ, ಒಂದು ಕಡೆಯ ಕ್ಯಾನ್ ಖಾಲಿಯಾದಂತೆ ಇನ್ನೊಂದು ಕಡೆಯದನ್ನೂ ಖಾಲಿ ಮಾಡ್ತಾ ಹೋಗಿ. ಬೆನ್ನುಮೂಳೆಗೆ ತಡಿ ತಾಗಬಾರದು. ಸಂಜೆ ಬಿಚ್ಚಿದಾಗ ಕೈಯಾಡಿಸಿ ನೋಡಿ, ಬಿಸಿಯಾಗಿ ಊದಿದ ಜಾಗ ಸಿಕ್ಕರೆ ಮರುದಿನ ಮೆತ್ತೆ ಬದಲಿಸಿ.

ಮಂಜು: ಮೆತ್ತೆ ಒಪ್ಪಿದೆ. ನಾಲ್ಕು ಒಪ್ಪಲ್ಲ.

ಸುಧಾ: ಹಾಗಾದರೆ 50 ಬಕೆಟ್ ನೀನೇ ಸೇದು.