ಸಹಾಯ ಬೇಕು: ಚನ್ನಪಟ್ಟಣದ ಬೊಂಬೆ ಅಂಗಡಿಯವರಿಗೆ ಎಐ ಕಲಿಸಲು

ಎಲ್ಲರಿಗೂ ನಮಸ್ಕಾರ. ಚನ್ನಪಟ್ಟಣದ 12 ಮಂದಿ ಬೊಂಬೆ ವ್ಯಾಪಾರಿಗಳಿಗೆ ಫೋನಿನಲ್ಲೇ ಎಐ ಬಳಸೋದು ಕಲಿಸೋಕೆ ಕನ್ನಡದಲ್ಲಿ ತಾಳ್ಮೆಯಿಂದ ಹೇಳಿಕೊಡುವ ಇಬ್ಬರು ಬೇಕು. ನಾಲ್ಕು ಭಾನುವಾರ, ದಿನಕ್ಕೆ ಒಂದೂವರೆ ಗಂಟೆ.

ಮೊದಲ ದಿನ ಟೈಪಿಂಗ್ ಇಲ್ಲ. ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ, ತಡವಾದ ಆರ್ಡರ್ ಬಗ್ಗೆ ಗಿರಾಕಿಗೆ ವಾಟ್ಸಾಪ್‌ನಲ್ಲಿ ಕಳಿಸೋ ನಾಲ್ಕು ಸಾಲು ಬರೆಸೋದು. ಅದೊಂದು ಸರಿಯಾಗಿ ಬಂದರೆ ಅರ್ಧ ಭಯ ಹೋಗುತ್ತೆ.

ಎಡವೋದು ಮಾಲಿನ ವಿವರ ಬರೆಸುವಾಗ. ಬರೀ "ಈ ಬೊಂಬೆ ಬಗ್ಗೆ ಬರೆ" ಅಂದರೆ ಇಲ್ಲದ ಶ್ರೀಗಂಧ, ಇಲ್ಲದ ಪ್ರಮಾಣಪತ್ರ ಎಲ್ಲ ಸೇರಿಕೊಳ್ಳಬಹುದು. ಸಿಟ್ಟಾದ ಗಿರಾಕಿಗೆ ಉತ್ತರ ಕೊಡಬೇಕಾದವರು ಅಂಗಡಿಯವರು. ಆದ್ದರಿಂದ ಹೀಗೆ ಹೇಳಿಸಿ: "ಆಲೆ ಮರ, ಅರಗಿನ ಬಣ್ಣ, ಎತ್ತರ 12 ಸೆಂ.ಮೀ., ಬೆಲೆ 180 ರೂಪಾಯಿ. ಇದರಾಚೆ ಏನೂ ಸೇರಿಸಬೇಡ." ಜಿಎಸ್‌ಟಿ ದರವನ್ನಂತೂ ಎಐ ಮಾತಿನ ಮೇಲೆ ಬಿಲ್ಲಿಗೆ ಹಾಕಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿವೆ, ಹಳೇ ದರವನ್ನೇ ಹೇಳುವ ಸಾಧ್ಯತೆ ಇದೆ.

ಇನ್ನೊಂದು ಕಡೆ ನಮಗೇ ದಾರಿ ಬೇಕು. ಕೈಬರಹದ ಲೆಕ್ಕದ ಪುಸ್ತಕದ ಫೋಟೊ ಕೊಟ್ಟರೆ ೩, ೬, ೯ ಅದಲುಬದಲಾಗುತ್ತವೆ. ಗಿರಾಕಿಗಳ ಹೆಸರು, ನಂಬರು ಕಾಗದದಿಂದ ಮುಚ್ಚಿ, ಹತ್ತತ್ತು ಸಾಲಿನ ಫೋಟೊ ತೆಗೆದು, ಕೊನೆಗೆ ಮೊತ್ತವನ್ನು ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡಿಸುತ್ತಿದ್ದೇವೆ. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿದರೆ ಇದಕ್ಕೂ ಸಿಗಲ್ಲ. ಇದಕ್ಕಿಂತ ಒಳ್ಳೆ ವಿಧಾನ ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ. ಬರೋಕೆ ಆಗುವವರು ಯಾವ ಭಾನುವಾರ ಬಿಡುವು ಅಂತ ತಿಳಿಸಿ.