ಅಪ್‌ಡೇಟ್: ಅಮ್ಮನ ಕೆನ್ನೆಯ ಒರಟುತನಕ್ಕೆ ಕಾರಣ ತಿಳಿಯಿತು

ಸೋಮವಾರಪೇಟೆಯಲ್ಲಿರುವ ಅಮ್ಮನ ಬಲಗೆನ್ನೆ ಮಾತ್ರ ಕೆಂಪಾಗಿ, ಮುಟ್ಟಿದರೆ ಉಪ್ಪುಕಾಗದದಂತೆ ಒರಟಾಗಿರುವುದೇಕೆ ಎಂದು ಹಿಂದೆ ಕೇಳಿದ್ದೆ. ಮಳೆಗಾಲದ ತೇವವೆಂದೂ ಕಾಫಿ ತೋಟದ ಅಲರ್ಜಿಯೆಂದೂ ಹಲವರು ಊಹಿಸಿದ್ದರು. ಮಡಿಕೇರಿಯ ಚರ್ಮವೈದ್ಯರು ಕೆನ್ನೆಯಿಂದ ಮೆಲ್ಲಗೆ ಕೆರೆದು ತೆಗೆದ ಹೊಟ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ರೋಮಕೂಪಗಳಲ್ಲಿ ವಾಸಿಸುವ, ಸುಮಾರು 0.3 ಮಿಲಿಮೀಟರ್ ಉದ್ದದ, ಎಂಟು ಮೋಟುಗಾಲುಗಳ ಡೆಮೊಡೆಕ್ಸ್ ನುಸಿಗಳು ಗುಂಪುಗುಂಪಾಗಿ ಕಂಡವು. ಇವು ಬಹುತೇಕ ವಯಸ್ಕರ ಮುಖದಲ್ಲಿ ಇದ್ದೇ ಇರುವುದರಿಂದ ಒಂದೆರಡು ಕಂಡ ಮಾತ್ರಕ್ಕೆ ರೋಗವೆನ್ನಲಾಗದು; ಚದರ ಸೆಂಟಿಮೀಟರಿಗೆ 5ಕ್ಕಿಂತ ಹೆಚ್ಚಿದ್ದು, ಲಕ್ಷಣಗಳೂ ಜೊತೆಗಿದ್ದರೆ ಚಿಕಿತ್ಸೆ ಬೇಕಾಗುತ್ತದೆ. (ಮುಖದಲ್ಲಿ ಹುಳವೆಂದು ಕೇಳಿ ಅಮ್ಮ ಮುಜುಗರಪಟ್ಟರು, ಇದು ಕೊಳಕಿನ ರೋಗವಲ್ಲ.) ಅಮ್ಮ ಹಚ್ಚುತ್ತಿದ್ದ ಸ್ಟೀರಾಯ್ಡ್ ಮುಲಾಮು ಚರ್ಮದ ಪ್ರತಿರೋಧವನ್ನು ಕುಗ್ಗಿಸಿ ನುಸಿಗಳಿಗೇ ಅನುಕೂಲ ಮಾಡಿಕೊಡುವುದರಿಂದ ವೈದ್ಯರು ಅದನ್ನು ನಿಲ್ಲಿಸಿ, ನುಸಿಗಳನ್ನು ಕೊಲ್ಲುವ 1% ಐವರ್ಮೆಕ್ಟಿನ್ ಕ್ರೀಮ್ ಬರೆದುಕೊಟ್ಟರು. ಈಗ ಹೊಟ್ಟು ಉದುರಿದೆ, ಕೆಂಪು ತುಸು ಉಳಿದಿದೆ.