ಆರ್ಲಾಂಡೊದ ಮೆಲ್ಸ್ ಡ್ರೈವ್-ಇನ್‌ನಲ್ಲಿ ಮಧ್ಯಾಹ್ನದ ಊಟ: ಹೋಗಿಬಂದವರ ಅನುಭವ

ಪ್ರಶ್ನೆ, ಅಟ್ಲಾಂಟಾದಿಂದ:
ಊರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಜುಲೈನಲ್ಲಿ ಆರ್ಲಾಂಡೊದ ಯೂನಿವರ್ಸಲ್ ಸ್ಟುಡಿಯೋಸ್ ಥೀಮ್ ಪಾರ್ಕಿಗೆ ಹೋಗುವ ಯೋಚನೆ ಇದೆ. ಅಲ್ಲಿರುವ ಐವತ್ತರ ದಶಕದ ಮಾದರಿಯ ಬರ್ಗರ್ ಹೋಟೆಲ್ ಮೆಲ್ಸ್‌ನಲ್ಲೇ ಊಟ ಆಗಬೇಕೆಂದು ಮಗಳ ಹಟ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಅಪ್ಪನಿಗೆ ಸಕ್ಕರೆ ಕಾಯಿಲೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ, ಟ್ಯಾಂಪಾದಿಂದ:
ಧಾರಾಳವಾಗಿ ಹೋಗಿ. ಆದರೆ ಅದನ್ನು ಊಟದ ಜಾಗ ಎನ್ನುವುದಕ್ಕಿಂತ ಹಿರಿಯರು ತಣ್ಣಗೆ ಕೂರುವ ಜಾಗ ಎಂದುಕೊಂಡು ದಿನವನ್ನು ಹೊಂದಿಸಿಕೊಳ್ಳಿ. ನಾವು ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ನೋಡಿದ್ದೇನೆ: ಮಧ್ಯಾಹ್ನ ಅವರಿಗೆ ನೆಮ್ಮದಿಯಾಗಿ ಕೂರಲು ಸಿಕ್ಕರೆ ಸಂಜೆಯವರೆಗೂ ಉತ್ಸಾಹದಿಂದ ನಡೆಯುತ್ತಾರೆ, ಸಿಗದಿದ್ದರೆ ಮೂರು ಗಂಟೆಗೇ ಮನೆಗೆ ಹೋಗೋಣ ಎನ್ನುತ್ತಾರೆ.

ಹಾಗಾಗಿ ಹನ್ನೊಂದು, ಹನ್ನೊಂದೂವರೆಗೇ ಒಳಗೆ ಹೋಗಿ. ಜುಲೈ ಎಂದಿದ್ದೀರಿ, ಆಗ ಫ್ಲಾರಿಡಾದಲ್ಲಿ ಮಧ್ಯಾಹ್ನದ ಗುಡುಗು ಮಳೆ ತೀರಾ ಸಾಮಾನ್ಯ. ಮಿಂಚು ಹತ್ತಿರ ಬಂದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ, ಜನರೆಲ್ಲ ಸೂರು ಇರುವ ಕಡೆಗೆ ನುಗ್ಗುತ್ತಾರೆ. ಆ ಹೊತ್ತಿಗೆ ನಿಮ್ಮ ತಟ್ಟೆ ಖಾಲಿಯಾಗಿ, ಕುರ್ಚಿ ಮಾತ್ರ ನಿಮ್ಮದಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಮೇಜಿಗೆ ಬಂದು ಕೇಳುವ ಪದ್ಧತಿ ಇಲ್ಲಿಲ್ಲ. ಕೌಂಟರ್‌ನಲ್ಲಿ ಹೇಳಬೇಕು, ಇಲ್ಲವೇ ಯೂನಿವರ್ಸಲ್ ಆ್ಯಪ್‌ನಲ್ಲಿ ಮೊದಲೇ ಆರ್ಡರ್ ಮಾಡಬೇಕು. ಹಿರಿಯರನ್ನು ಒಳಗೆ ಕೂರಿಸಿ, ಒಬ್ಬರು ಮಾತ್ರ ಹೋಗಿ ಟ್ರೇ ತನ್ನಿ. ಫಲಕದಲ್ಲಿರುವ ಬೆಲೆಯ ಮೇಲೆ ಆರೂವರೆ ಪ್ರತಿಶತ ತೆರಿಗೆ ಸೇರುತ್ತದೆ, ಟಿಪ್ಸ್ ಕೊಡಲೇಬೇಕೆಂದಿಲ್ಲ. ಲೋಟದಲ್ಲಿ ಐಸ್ ನೀರು ಕೇಳಿದರೆ ಬಿಟ್ಟಿಯಾಗಿ ಕೊಡುತ್ತಾರೆ. ಆ ಬಿಸಿಲಿನಲ್ಲಿ ಬಾಯಾರಿಕೆ ಆಗುವವರೆಗೂ ಕಾಯದೆ ಕೇಳಿ ಕುಡಿಸಿ.

ಉತ್ತರ, ನ್ಯೂ ಜೆರ್ಸಿಯಿಂದ:
ನಮ್ಮದು ಕಟ್ಟುನಿಟ್ಟಿನ ಸಸ್ಯಾಹಾರಿ ಮನೆ, ಆದ್ದರಿಂದ ಅಮ್ಮನ ಊಟದ ಬಗ್ಗೆ ಹೇಳುತ್ತೇನೆ. ಅಮೆರಿಕದಲ್ಲಿ ಬರೀ ಬರ್ಗರ್ ಎಂದರೆ ದನದ ಮಾಂಸದ್ದೇ. ಸಸ್ಯಾಹಾರದ ಬರ್ಗರ್ ಇದೆಯೇ, ಯಾವುದು ಎಂದು ಹಿಂದಿನ ದಿನವೇ ಆ್ಯಪ್‌ನಲ್ಲಿ ನೋಡಿಕೊಳ್ಳಿ; ಮೆನು ಬದಲಾಗುತ್ತಿರುತ್ತದೆ.

ಸಿಕ್ಕಿತು ಎಂದುಕೊಳ್ಳಿ. ಆಗಲೂ ಅಮ್ಮನಿಗೆ ಮೊದಲೇ ಒಂದು ಮಾತು ಹೇಳಿಡಿ. ಇಂಪಾಸಿಬಲ್ ಎಂಬ ಬ್ರ್ಯಾಂಡಿನಂಥ ಸಸ್ಯಾಹಾರಿ ಪ್ಯಾಟಿಯನ್ನು, ಅಂದರೆ ಬನ್ ನಡುವೆ ಇಡುವ ಬಿಲ್ಲೆಯನ್ನು, ಮಾಂಸದಂತೆಯೇ ಕಾಣಲಿ, ಹಾಗೆಯೇ ರುಚಿಸಲಿ ಎಂದು ಮಾಡಿರುತ್ತಾರೆ. ಅದಕ್ಕೆ ಸೋಯಾ ಗಿಡದ ಬೇರಿನಲ್ಲಿರುವಂಥ ಹೀಮ್ ಎಂಬ ಕೆಂಪು ಬಣ್ಣದ ಅಂಶ ಸೇರಿಸುತ್ತಾರೆ. ಅದರಿಂದ ಬಣ್ಣ ಕೆಂಪಾಗಿ, ಕಚ್ಚಿದ ಜಾಗ ಒಳಗೆ ಹಸಿ ಮಾಂಸದ ಹಾಗೆ ಕಾಣಬಹುದು. ನಮ್ಮ ಅತ್ತೆ ಅದನ್ನು ನೋಡಿದವರೇ ಕೈ ತೊಳೆದುಕೊಂಡರು. ಅದು ಗಿಡದ್ದೇ ಎಂದು ಎಷ್ಟು ವಿವರಿಸಿದರೂ ಆಮೇಲೆ ಗಂಟಲಲ್ಲಿ ಇಳಿಯಲಿಲ್ಲ. ಅದೇ ಬಿಸಿ ಕಾವಲಿಯ ಮೇಲೆ ಮಾಂಸವನ್ನೂ ಬೇಯಿಸುತ್ತಾರೆಯೇ, ಬನ್‌ನಲ್ಲಿ ಮೊಟ್ಟೆ ಇದೆಯೇ, ಆಲೂಗಡ್ಡೆ ಫ್ರೈಸ್ ಮತ್ತು ಈರುಳ್ಳಿ ರಿಂಗ್‌ಗಳನ್ನು ಕರಿಯುವ ಎಣ್ಣೆಯಲ್ಲೇ ಕೋಳಿಯನ್ನೂ ಕರಿಯುತ್ತಾರೆಯೇ ಎಂದು ಒಂದೊಂದಾಗಿ ಕೇಳಿ. ಕೌಂಟರ್‌ನವರಿಗೆ ಗೊತ್ತಿಲ್ಲದಿದ್ದರೆ ಅಡುಗೆಯವರನ್ನೇ ಕರೆಯಲು ಹೇಳಿ. ಹೀಗೆ ಕೇಳುವುದಕ್ಕೆ ಸಂಕೋಚ ಬೇಡ, ಅಲರ್ಜಿ ಇರುವವರು ಅಲ್ಲಿ ದಿನವೂ ಕೇಳುತ್ತಾರೆ.

ಫ್ರೈಸ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೆಕ್‌ಡೊನಾಲ್ಡ್ಸ್ 1990ರಲ್ಲಿ ಸಸ್ಯಜನ್ಯ ಎಣ್ಣೆಗೆ ಬದಲಾದ ಮೇಲೂ ಅಮೆರಿಕದಲ್ಲಿ ಅದರ ಫ್ರೈಸ್‌ಗೆ ದನದ ಮಾಂಸದ ಸುವಾಸನೆ ಸೇರುತ್ತಿತ್ತು. ಸಸ್ಯಾಹಾರಿಗಳು ಮೊಕದ್ದಮೆ ಹೂಡಿದರು, ಕಂಪನಿ 2002ರಲ್ಲಿ ಒಂದು ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಂದಿನಿಂದ ನಾನು ಎಲ್ಲಿ ಹೋದರೂ ಕೇಳದೆ ಹಿರಿಯರ ತಟ್ಟೆಗೆ ಫ್ರೈಸ್ ಹಾಕುವುದಿಲ್ಲ.

ಉತ್ತರ, ಹ್ಯೂಸ್ಟನ್‌ನಿಂದ:
ನಾನು ಮಾಂಸಾಹಾರಿ, ನನಗೆ ಅಲ್ಲಿಯ ಚಿಕನ್ ಫಿಂಗರ್ಸ್ ಇಷ್ಟ. ಹೇಳಬೇಕಾದದ್ದು ರೂಟ್ ಬಿಯರ್ ಬಗ್ಗೆ. ಹೆಸರು ಕೇಳಿ ಅಪ್ಪ ಗಾಬರಿಯಾಗುವುದು ಬೇಡ, ಅದು ಸಿಹಿ ಸೋಡಾ ಅಷ್ಟೇ, ಅದರಲ್ಲಿ ಮದ್ಯವಿಲ್ಲ. ಆದರೆ ವಿಂಟರ್‌ಗ್ರೀನ್ ಎಂಬ ಗಿಡದ ಘಾಟಿರುವುದರಿಂದ ನಮ್ಮವರಿಗೆ ಮೊದಲ ಗುಟುಕಿಗೇ ಮಂಡಿನೋವಿನ ಮುಲಾಮು ಕುಡಿದಂತಾಗುತ್ತದೆ. ಒಂದೇ ತಗೊಂಡು ಎಲ್ಲರೂ ರುಚಿ ನೋಡಿ.

ಅಪ್ಪನ ಸಕ್ಕರೆಯ ವಿಷಯ ಇನ್ನೂ ಮುಖ್ಯ. 355 ಮಿಲಿಲೀಟರಿನ ಒಂದು ಕೋಕ್ ಡಬ್ಬಿಯಲ್ಲೇ 39 ಗ್ರಾಂ ಸಕ್ಕರೆ ಇರುತ್ತದೆ, ಇಲ್ಲಿಯ ಲೋಟಗಳು ಅದಕ್ಕಿಂತ ದೊಡ್ಡವು. ಮಿಲ್ಕ್‌ಶೇಕ್ ಮಗಳಿಗಿರಲಿ. ಇದಕ್ಕಿಂತ ನನಗೆ ಭಯವಾಗುವುದು ಸಕ್ಕರೆ ಇಳಿಯುವುದು: ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡವರು ರೈಡ್‌ನ ಸಾಲಿನಲ್ಲಿ ನಿಂತು ಊಟ ತಡ ಮಾಡಿದರೆ ತಲೆ ಸುತ್ತಬಹುದು. ಬಿಸಿ ಮಾಡಬೇಕಿಲ್ಲದ ಸಣ್ಣಪುಟ್ಟ ತಿಂಡಿ ಮತ್ತು ನೀರಿನ ಬಾಟಲಿಯನ್ನು ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ. ಬೆಳಗಿನ ಮಾತ್ರೆಗೂ ಊಟಕ್ಕೂ ಎಷ್ಟು ಅಂತರ ಇರಬಹುದೆಂದು ಅವರ ವೈದ್ಯರನ್ನು ಹೊರಡುವ ಮೊದಲೇ ಕೇಳಿಬಿಡಿ.

ಉತ್ತರ, ಮೈಸೂರಿನಿಂದ:
ನಾನು ನಿಮ್ಮ ಅಮ್ಮನ ವಯಸ್ಸಿನವಳು. ಮಗ ಸೊಸೆ ಕರೆದುಕೊಂಡು ಹೋಗಿದ್ದರು. ಮಗೂ, ನಮ್ಮ ಊಟಕ್ಕಾಗಿ ಅಷ್ಟೊಂದು ಒದ್ದಾಡಬೇಡ. ಬೆಳಿಗ್ಗೆ ಮನೆಯಲ್ಲೋ ರೂಮಿನಲ್ಲೋ ಹೊಟ್ಟೆ ತುಂಬ ಚಿತ್ರಾನ್ನ ತಿನ್ನಿಸಿ ಹೊರಡಿಸಿದರೆ ಮಧ್ಯಾಹ್ನಕ್ಕೆ ಒಂದು ಹಣ್ಣು, ನಾಲ್ಕು ಕೋಡುಬಳೆ ಸಾಕು. ಅಮ್ಮ ಏನೂ ತಿನ್ನುತ್ತಿಲ್ಲ ಎಂದು ನೀವು ಮುಖ ಸಪ್ಪೆ ಮಾಡಿಕೊಂಡು ಕೂತರೆ ನಮಗೆ ಅದೇ ಸಂಕಟ.

ಅದರ ಬದಲು ಆ ಜಾಗದ ಕಥೆ ಹೇಳಿ. ನನ್ನ ಮಗ ಹೇಳಿದ್ದರಿಂದಲೇ ನನಗೆ ಅಲ್ಲಿ ಕೂರುವುದು ಇಷ್ಟವಾಯಿತು. ಮೊದಲ ಮೆಲ್ಸ್ 1947ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದದ್ದು. ಕಾರಿನಿಂದ ಇಳಿಯದೆ, ಹುಡುಗಿಯರು ಟ್ರೇ ತಂದು ಕಿಟಕಿಗೆ ಸಿಕ್ಕಿಸುತ್ತಿದ್ದ ಕಾಲದ್ದು. ನಿರ್ದೇಶಕ ಜಾರ್ಜ್ ಲ್ಯೂಕಸ್ 1973ರ ‘ಅಮೆರಿಕನ್ ಗ್ರಾಫಿಟಿ’ ಚಿತ್ರದ ಹೋಟೆಲಿನ ದೃಶ್ಯಗಳನ್ನು ಅಲ್ಲಿ ಚಿತ್ರೀಕರಿಸಿದರು. 1962ರ ಒಂದು ರಾತ್ರಿ ಊರಿನ ಹುಡುಗರು ಕಾರುಗಳಲ್ಲಿ ಸುತ್ತುವ ಕಥೆ ಅದು. ಯೂನಿವರ್ಸಲ್‌ನದೇ ಚಿತ್ರವಾದ್ದರಿಂದ ಪಾರ್ಕಿನಲ್ಲಿ ಆ ಹೋಟೆಲು ಮತ್ತೆ ಎದ್ದು ನಿಂತಿದೆ. ಅದಕ್ಕೇ ಎದುರಿಗೆ ಆ ಕಾಲದ ಕಾರುಗಳು. ನಮ್ಮವರು ತಿಂದದ್ದಕ್ಕಿಂತ ಹೆಚ್ಚು ಹೊತ್ತು ಅವುಗಳ ಸುತ್ತಲೇ ತಿರುಗಿದರು. ಕ್ರೋಮ್ ಬಂಪರ್ ಮುಟ್ಟಿ ನೋಡಿ, ಇದರ ಮುಂದೆ ನಮ್ಮ ಫಿಯಟ್ ಎಷ್ಟು ಚಿಕ್ಕದು ಎಂದರು. ನಿಮ್ಮ ಅಪ್ಪ ಕಾರು ಓಡಿಸಿದವರಾದರೆ ಅವರನ್ನು ಅವಸರಪಡಿಸಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಹನ್ನೊಂದಕ್ಕೇ ಹೋಗುತ್ತೇವೆ, ಅಮ್ಮನಿಗೆ ತಿಂಡಿ ಕಟ್ಟಿಕೊಳ್ಳುತ್ತೇವೆ. ಅಪ್ಪ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ನಾಳೆಯೇ ಊರಿನ ಡಾಕ್ಟರಿಗೆ ಫೋನ್ ಮಾಡುತ್ತೇನೆ. ರಾತ್ರಿ ಊಟಕ್ಕೆ ಆರ್ಲಾಂಡೊದ ಇಂಟರ್‌ನ್ಯಾಷನಲ್ ಡ್ರೈವ್ ರಸ್ತೆಯ ಕಡೆ ಇಡ್ಲಿ, ದೋಸೆ ಸಿಗುವ ಹೋಟೆಲ್ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ.